ದೊಡ್ಡಮುನಿಯಮ್ಮನ ಮನೆಯ ಐದು ಬೀಗಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳುವುದು ಬೇಡ. ಚಾಮರಾಜಪೇಟೆಯಲ್ಲಿ ಮೂವತ್ತನಾಲ್ಕು ವರ್ಷ ಬೀಗ ರಿಪೇರಿ ಮಾಡಿದವನು ನಾನು. ಬೀಗದ ಮೇಲೆ ಒಂದು ದಿನವೂ ಸಿಟ್ಟು ಮಾಡಿಕೊಂಡವನಲ್ಲ. ಅದಕ್ಕೆ ಏನು ಗೊತ್ತು, ಪಾಪ. ನನ್ನ ಸಿಟ್ಟೆಲ್ಲ ಬೀಗ ಇಟ್ಟುಕೊಂಡ ಮನುಷ್ಯರ ಮೇಲೆ. ಬೀಗದ ಕೈ ತಿರುಗದಿದ್ದರೆ ಕಲ್ಲು ತಗೊಂಡು ಕುಟ್ಟುವವರು, ಸ್ಕ್ರೂಡ್ರೈವರ್ ತೂರಿಸಿ ತಿರುವುವವರು, ‘ಒಡೆದು ಬಿಸಾಕಿ, ಹೊಸದು ಹಾಕಿಸ್ಕೊಂಡ್ರಾಯ್ತು’ ಎನ್ನುವವರು, ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ನನ್ನ ಹೆಂಡತಿ ಧನಲಕ್ಷ್ಮಿ, “ಅನ್ನ ಕೊಡೋ ಗಿರಾಕಿ ಜೊತೇಲೇ ಜಗಳ ಆಡೋರು ಬೆಂಗಳೂರಲ್ಲೇ ನೀವೊಬ್ರು ಪಂಚಾಕ್ಷರಯ್ಯನೋರು” ಎನ್ನುತ್ತಾಳೆ. ಅವಳು ಹೇಳುವುದು ನಿಜ.

ಅಂಥ ನಾನು ಒಂದು ಸಲ ಒಂದೂವರೆ ದಿನ ಸಿಟ್ಟನ್ನು ನುಂಗಿಕೊಂಡು ಕೂತಿದ್ದೆ. ಆ ಕಥೆ ಇದು.

ತೊಂಬತ್ತೇಳನೇ ಇಸವಿ. ಆ ವರ್ಷ ವರಮಹಾಲಕ್ಷ್ಮಿ ಹಬ್ಬವೂ ಆಗಸ್ಟ್ ಹದಿನೈದೂ ಒಂದೇ ಶುಕ್ರವಾರ ಬಂದಿದ್ದವು. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಯಿತೆಂದು ಬೀದಿಬೀದಿಯಲ್ಲೂ ಕಾಗದದ ಬಾವುಟದ ಸರ ಕಟ್ಟಿದ್ದರು. ಮಾರ್ಕೆಟ್ಟಿನಲ್ಲಿ ಕನಕಾಂಬರದ ಬೆಲೆ ಕೇಳುವ ಹಾಗೇ ಇರಲಿಲ್ಲ. ಬುಧವಾರ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಸಾಮಾನು ಹರಡಿಕೊಂಡು ಕೂತಿದ್ದಾಗ ಮುನಿರಾಜ್ ಸ್ಕೂಟರಿನಲ್ಲಿ ಬಂದ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಅವನದು ತರಕಾರಿಯ ಸಗಟು ವ್ಯಾಪಾರ. ಹಬ್ಬದ ಮುಂಚಿನ ದಿನಗಳಲ್ಲಿ ಉಸಿರಾಡುವುದಕ್ಕೂ ಪುರುಸೊತ್ತಿಲ್ಲದ ಮನುಷ್ಯ ನನ್ನ ಹತ್ತಿರ ಯಾಕೆ ಬಂದ ಎಂದುಕೊಂಡೆ.

“ಅಣ್ಣ, ಮನೇಲಿ ದೇವರ ಮನೆ ಬೀಗ ಹಿಡ್ಕೊಂಡ್ಬಿಟ್ಟಿದೆ. ಕೀ ಒಳಗೆ ಹೋಗತ್ತೆ, ತಿರುಗಲ್ಲ. ನಾಲ್ಕು ದಿನ ಆಯ್ತು. ಬೆಳ್ಳಿ ಕಳಶ, ಅಮ್ನೋರ ಮುಖ, ಎಲ್ಲಾ ಒಳಗೇ ಸಿಕ್ಕಾಕ್ಕೊಂಡಿದೆ” ಎಂದ.

“ಇನ್ನೆಷ್ಟು ಬೀಗ ಹಿಡಿದಿವೆ?” ಎಂದು ಕೇಳಿದೆ. ಹಳೇ ಮನೆಗಳಲ್ಲಿ ಒಂದು ಬೀಗ ಹಿಡಿಯಿತು ಎಂದರೆ ಅದಕ್ಕೆ ಮುಂಚೆ ಇನ್ನೆರಡು ಹಿಡಿದಿರುತ್ತವೆ. ಜನ ಕೇಳುವವರೆಗೆ ಬಾಯಿ ಬಿಡುವುದಿಲ್ಲ.

ಅವನು ತಲೆ ಕೆರೆದುಕೊಂಡ. “ಎಲ್ಲಾ ಸೇರಿ ಐದು.”

“ಯಾವಾಗಿಂದ?”

“ಅದೇ ಅಣ್ಣ ತೊಂದ್ರೆ ಆಗಿರೋದು.” ಅವನು ಸ್ಕೂಟರಿನಿಂದ ಇಳಿದು ನನ್ನ ಪಕ್ಕಕ್ಕೆ ಬಂದು ಕೂತ. “ಫೆಬ್ರವರೀಲಿ ನನ್ ಮದುವೆ ಆಯ್ತಲ್ಲ. ಸಂಧ್ಯಾ ಮನೆಗೆ ಬಂದ ವಾರಕ್ಕೆ ಉಗ್ರಾಣದ ಬೀಗ ಹಿಡೀತು. ಯುಗಾದಿ ಹೊತ್ತಿಗೆ ನಡುಮನೇದು. ಆಮೇಲೆ ರೂಮಿಂದು ಎರಡು. ಆಷಾಢಕ್ಕೆ ಅಂತ ಅವಳು ಮತ್ತಿಕೆರೇಲಿ ತಾಯಿ ಮನೇಲಿದ್ಲು. ಆ ಒಂದು ತಿಂಗಳು ಏನೂ ಆಗ್ಲಿಲ್ಲ. ವಾಪಸ್ ಬಂದ ಮೂರನೇ ದಿನಕ್ಕೆ ದೇವರ ಮನೆ ಬಾಗಿಲೇ ಹೋಯ್ತು.”

“ಸರಿ, ಅದಕ್ಕೆ?”

“ಅದಕ್ಕೆ ಅಮ್ಮ, ಈ ಹುಡುಗಿ ಕೈಗುಣ ಸರಿಯಿಲ್ಲ ಅಂತಾಳೆ. ಇದು ಅವಳಿಗೆ ನಮ್ಮನೇಲಿ ಮೊದಲನೇ ವರಮಹಾಲಕ್ಷ್ಮಿ. ನಾಳೆ ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಬಾಗಿಲು ತೆಗೆದ್ರೆ ಅವಳೇ ಪೂಜೆಗೆ ಕೂರ್ಲಿ. ಇಲ್ಲ ಅಂದ್ರೆ ಅಮ್ನೋರಿಗೇ ಅವಳ ಕೈ ಪೂಜೆ ಬೇಡ ಅಂತ ಅರ್ಥ, ಕರ್ಕೊಂಡೋಗಿ ಮತ್ತಿಕೆರೆಗೆ ಬಿಟ್ಬಂದ್ಬಿಡು ಅಂದವ್ಳೆ.”

ಹೊಸದಾಗಿ ಮದುವೆಯಾದ ಹೆಣ್ಣು, ಮೊದಲ ವರಮಹಾಲಕ್ಷ್ಮಿ. ಹಬ್ಬದ ಹಿಂದಿನ ದಿನ ಬ್ಯಾಗು ಹಿಡಿದು ತಾಯಿ ಮನೆಯ ಬಾಗಿಲಲ್ಲಿ ನಿಂತರೆ ಅವಳ ಹೆತ್ತವರಿಗೆ ಹೇಗಾಗಬೇಕು? ಒಂದು ಸಲ ಹಾಗೆ ಕಳಿಸಿದ ಮೇಲೆ ಇನ್ಯಾವ ಶುಭಕಾರ್ಯದಲ್ಲಿ ಅವಳನ್ನು ಮುಂದೆ ಬಿಟ್ಟಾರು?

“ನೀನೇನಂದೆ?” ಎಂದು ಕೇಳಿದೆ.

“ನಾನೇನನ್ಲಿ ಅಣ್ಣ. ಈ ಕಡೆ ಹೆತ್ತೋಳು, ಆ ಕಡೆ ಕಟ್ಕೊಂಡೋಳು. ಟೊಮ್ಯಾಟೊ ಲೋಡ್ ಬಂದಿದೆ ಅಂತ ಮಾರ್ಕೆಟ್ಟಿಗೆ ಓಡ್ಹೋಗ್ತೀನಿ.”

ನನಗೆ ಅಲ್ಲೇ ರೇಗಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯ ಮೇಲೆ ಪಂಚಾಯಿತಿ ಸೇರಿಸುವ ಜನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅರ, ಚಿಮ್ಮಟ, ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಅವನ ಸ್ಕೂಟರಿನ ಹಿಂದೆ ಹತ್ತಿದೆ.

ಮುನಿರಾಜನ ತಾಯಿ ದೊಡ್ಡಮುನಿಯಮ್ಮ ಆ ಬೀದಿಗೆಲ್ಲ ದೊಡ್ಡಮ್ಮ. ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ, ಗಂಡ ಸತ್ತ ಮೇಲೆ ಒಬ್ಬಳೇ ವ್ಯಾಪಾರ ಬೆಳೆಸಿ ಮಗನ ಕೈಗೆ ಕೊಟ್ಟ ಹೆಂಗಸು. ಗಂಟಲು ಹಾಗೇ ಉಳಿದಿತ್ತು. ಅಡುಗೆ ಮನೆಯಲ್ಲಿ ನಿಂತು ಮಾತಾಡಿದರೆ ಬಸ್‌ಸ್ಟಾಪಿನವರೆಗೆ ಕೇಳುತ್ತಿತ್ತು. ಮನೆ ಅವಳ ಮಾವ ಕಟ್ಟಿಸಿದ್ದು. ಅವನು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾವನೋ ಬಿಳಿ ದೊರೆಯ ಬಂಗಲೆ ಹರಾಜಾದಾಗ ತೇಗದ ಬಾಗಿಲುಗಳನ್ನೂ ಅವುಗಳಿಗಿದ್ದ ಹಿತ್ತಾಳೆ ಬೀಗಗಳನ್ನೂ ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದಿದ್ದನಂತೆ. ನಾನು ತೆರೆದಿದ್ದ ನಡುಮನೆಯ ಬಾಗಿಲ ಹತ್ತಿರ ಬಗ್ಗಿ ನೋಡಿದೆ. ಎಂಥಾ ಕೆಲಸ ಅಂತೀರಿ. ಬಾಗಿಲ ಒಳಮೈಗೆ ಕೂರಿಸಿದ ಅಂಗೈ ಅಗಲದ ಹಿತ್ತಾಳೆ ಪೆಟ್ಟಿಗೆ, ತುಂಬೆ ಹೂವಿನಷ್ಟು ಸಣ್ಣ ಸ್ಕ್ರೂ, ಮುಚ್ಚಳದ ಮೇಲೆ ಬಳ್ಳಿ ಕೊರೆದಿದ್ದರು. ಇಂಥ ಬೀಗವನ್ನು ಕೈಯಲ್ಲಿ ಹಿಡಿದರೆ ನನಗೆ ಊಟ ಬೇಡ.

“ಒಡೆಯಂಗಿಲ್ಲ ಕಣಪ್ಪಾ ಪಂಚಾಕ್ಷರಯ್ಯ. ಕೊರೆಯಂಗೂ ಇಲ್ಲ” ಎಂದಳು ದೊಡ್ಡಮ್ಮ. “ದೇವರ ಮನೆ ಬಾಗಿಲಿಗೆ ಉಳಿ ತಾಗಿಸಿದ್ರೆ ನಾ ಸುಮ್ಕಿರಾಕಿಲ್ಲ.”

“ನಾನೂ ಒಡೆಯೋನಲ್ಲಮ್ಮ” ಎಂದೆ. ನಮ್ಮಿಬ್ಬರಿಗೂ ಒಪ್ಪಿತವಾದ ಮಾತು ಅದೊಂದೇ.

ದೇವರ ಮನೆಯ ಬೀಗ ಹಾಕಿದ ಹಾಗೇ ಹಿಡಿದಿತ್ತು. ಪೆಟ್ಟಿಗೆ ಬಾಗಿಲ ಒಳಗಡೆ, ಸ್ಕ್ರೂಗಳೂ ಒಳಗಡೆ, ಹೊರಗೆ ನನಗೆ ಸಿಕ್ಕಿದ್ದು ಬೀಗದ ಕೈ ತೂರಿಸುವ ತೂತು ಮಾತ್ರ. ಉಳಿದ ನಾಲ್ಕು ತೆರೆದ ಹಾಗೇ ಹಿಡಿದಿದ್ದವು. ಅವಕ್ಕೆ ಚಿಲಕ ಬಡಿದು ತೂಗುಬೀಗ ನೇತುಹಾಕಿದ್ದರು. ಐದೂ ಒಂದೇ ಕೈಯ ಕೆಲಸವಾದ್ದರಿಂದ ಐದಕ್ಕೂ ಕಾಯಿಲೆ ಒಂದೇ ಇರಬೇಕು. ಮೊದಲು ಉಗ್ರಾಣದ ಬೀಗ ಬಿಚ್ಚಿ ನೋಡಿದರೆ ದೇವರ ಮನೆಯದಕ್ಕೆ ಮದ್ದು ತಿಳಿಯುತ್ತದೆ ಎಂದು ಲೆಕ್ಕ ಹಾಕಿ ಉಗ್ರಾಣಕ್ಕೆ ಹೋದೆ. ದೊಡ್ಡಮ್ಮ ತೆಂಗಿನಕಾಯಿ ಆರಿಸುವುದಕ್ಕೆ ಹಿತ್ತಲಿಗೆ ಹೋದಳು.

“ಟಾರ್ಚ್ ಹಿಡೀಲಾ ಅಂಕಲ್?” ಎಂದು ಹಿಂದಿನಿಂದ ಯಾರೋ ಕೇಳಿದರು.

ನನ್ನನ್ನು ಅಂಕಲ್ ಎನ್ನುವವರನ್ನು ಕಂಡರೆ ನನಗಾಗದು. ತಿರುಗಿ ನೋಡಿದರೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಸೊಸೆ ಇವಳೇ ಎಂದು ಗೊತ್ತಾಯಿತು. ಅಳುಮುಖದ ಹುಡುಗಿಯನ್ನು ನೋಡುತ್ತೇನೆ ಎಂದುಕೊಂಡಿದ್ದವನಿಗೆ ಆಶ್ಚರ್ಯವಾಯಿತು.

“ಬೀಗ ಮುಟ್ಬೇಡಮ್ಮ. ಆಮೇಲೆ ನನ್ನ ಮೇಲೂ ಕೈಗುಣ ಅಂದಾರು” ಎಂದೆ.

“ಟಾರ್ಚ್‌ಗೆ ಕೈಗುಣ ಇಲ್ಲ ಅಂಕಲ್, ಸೆಲ್ ಇದ್ರೆ ಸಾಕು” ಎಂದಳು ಸಂಧ್ಯಾ.

ನಾಲಿಗೆ ಚುರುಕಾಗಿತ್ತು. ನನಗೆ ಹಿಡಿಸಿತು. ಅವರಪ್ಪ ಮತ್ತಿಕೆರೆಯಲ್ಲಿ ಕಾಲೇಜು ಹುಡುಗರಿಗೆ ರೂಮು ಬಾಡಿಗೆಗೆ ಕೊಡುತ್ತಾರಂತೆ. ವಾರಕ್ಕೊಬ್ಬ ಕೀ ಕಳೆದುಕೊಂಡು ಬಂದು ನಿಲ್ಲುತ್ತಿದ್ದುದರಿಂದ ರಿಪೇರಿಯವರಿಗೆ ಟಾರ್ಚ್ ಹಿಡಿದು ಅಭ್ಯಾಸವೆಂದಳು. ನಾನು ನಾಲ್ಕು ಸ್ಕ್ರೂ ಬಿಚ್ಚಿ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಮುಚ್ಚಳ ತೆಗೆದೆ.

ಇಂಥ ಬೀಗದ ಹೊಟ್ಟೆಯಲ್ಲಿ ಐದು ಲಿವರ್ ಇರುತ್ತವೆ. ಹಿತ್ತಾಳೆಯ ತೆಳು ಪಟ್ಟಿಗಳು, ಒಂದರ ಮೇಲೊಂದು. ಬೀಗದ ಕೈ ತಿರುಗಿದಾಗ ಐದೂ ಒಟ್ಟಿಗೆ ಎದ್ದರೆ ಬೀಗ ತೆರೆಯುತ್ತದೆ. ಇಲ್ಲಿ ಒಂದು ಲಿವರೂ ಕಾಣಿಸಲಿಲ್ಲ. ಹೊಟ್ಟೆ ತುಂಬ ಕೆಂಪಗೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಉಗುರಿನಲ್ಲಿ ಕೆರೆದು ಮೂಸಿದೆ.

“ಕುಂಕುಮ” ಎಂದೆ. “ಅರಿಶಿನ. ಹರಳೆಣ್ಣೆ.”

ಸಂಧ್ಯಾ ಟಾರ್ಚನ್ನು ಹತ್ತಿರ ತಂದು ನೋಡಿದಳು. ಆಮೇಲೆ ಮೆಲ್ಲಗೆ, “ಆಯುಧಪೂಜೆ” ಎಂದಳು. “ಇವರು ಹೇಳಿದ್ರು. ಅತ್ತೆ ಆಯುಧಪೂಜೆ ದಿನ ತಕ್ಕಡಿ, ಮಚ್ಚು ಎಲ್ಲದಕ್ಕೂ ಪೂಜೆ ಮಾಡಿ, ಕೊನೇಲಿ ಮನೆ ಬೀಗಗಳಿಗೂ ಮಾಡ್ತಾರಂತೆ. ಹರಳೆಣ್ಣೆಗೆ ಅರಿಶಿನ ಕುಂಕುಮ ಕಲಸಿ, ಚಮಚದಲ್ಲಿ ತೂತಿನೊಳಕ್ಕೆ ಬಿಡ್ತಾರಂತೆ. ಮದುವೆಯಾಗಿ ಬಂದ ವರ್ಷದಿಂದ ಒಂದು ಸಲಾನೂ ತಪ್ಪಿಸಿಲ್ವಂತೆ.”

ನಾನೂ ಆಯುಧಪೂಜೆ ಮಾಡುತ್ತೇನೆ. ಅರಕ್ಕೆ, ಸುತ್ತಿಗೆಗೆ ಒಂದೊಂದು ಬೊಟ್ಟು ಇಡುತ್ತೇನೆ. ಮೇಲೆ ಇಡುತ್ತೇನೆ ಸ್ವಾಮಿ, ಬಾಯಿ ತೆಗೆಸಿ ಹೊಟ್ಟೆಗೆ ಸುರಿಯುವುದಿಲ್ಲ. ತೆಳು ಚಾಕು ತಗೊಂಡು ಆ ಮೆತ್ತನ್ನು ಎಬ್ಬಿಸಿದೆ. ಹಳೇ ಗೋಡೆಯ ಸುಣ್ಣದ ಹಾಗೆ ಪದರ ಪದರವಾಗಿ ಬಂತು. ತಳದ್ದು ಕಪ್ಪು, ನಡುವಿನದು ಕಂದು, ಮೇಲಿನದು ಇನ್ನೂ ಕೆಂಪು. ನಲವತ್ತು ದಸರಾ ಒಂದು ಬೀಗದ ಹೊಟ್ಟೆಯಲ್ಲಿ ಕೂತಿತ್ತು. ಹರಳೆಣ್ಣೆ ಬರಬರುತ್ತಾ ಒಣಗಿ ಅಂಟಾಗಿ, ಕುಂಕುಮವನ್ನು ಹಿಡಿದುಕೊಂಡು ಕಲ್ಲಾಗಿಬಿಟ್ಟಿತ್ತು. ಒಂದಲ್ಲ ಒಂದು ವರ್ಷ ಹಿಡಿಯಲೇಬೇಕಾಗಿದ್ದ ಬೀಗಗಳು ಈ ವರ್ಷ ಹಿಡಿದಿದ್ದವು.

ಆ ಪದರಗಳನ್ನು ಪೇಪರಿನಲ್ಲಿ ಕಟ್ಟಿಕೊಂಡು ಎದ್ದೆ. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು.

“ಎಲ್ಲಿಗೆ ಅಂಕಲ್?”

“ಹಿತ್ತಲಿಗೆ. ನಿಮ್ಮತ್ತೆ ಹತ್ರ ಎರಡು ಮಾತಾಡ್ಬೇಕು.”

ಅವಳು ಬಾಗಿಲಿಗೆ ಅಡ್ಡ ನಿಂತಳು. “ಬೇಡ. ನಿಮ್ಮ ದಮ್ಮಯ್ಯ, ಬೇಡ.”

“ಯಾಕಮ್ಮ ಬೇಡ? ತಪ್ಪು ಅವರದ್ದು, ಶಿಕ್ಷೆ ನಿಂಗೆ. ಹೇಳಿದ್ರೆ ಈಗಲೇ ತೀರತ್ತೆ.”

“ಏನು ತೀರತ್ತೆ? ಈ ಬೀಗದ ಪೂಜೆ ನೋಡೋಕೆ ಬೀದಿ ಹೆಂಗಸರೆಲ್ಲ ಬರ್ತಾರಂತೆ. ದೊಡ್ಡಮ್ಮನ ಹಾಗೆ ಮಾಡ್ಬೇಕು ಅಂತ ಹೇಳ್ಕೊಳ್ತಾರಂತೆ. ಈಗ ನೀವು ಹೋಗಿ, ನಲವತ್ತು ವರ್ಷದಿಂದ ನೀವೇ ಹಾಳು ಮಾಡಿರೋದು ಅಂದ್ರೆ ಅವರು ಯಾರಿಗೆ ಮುಖ ತೋರಿಸ್ಬೇಕು? ಬಂದು ಆರು ತಿಂಗಳಿಗೆ ಸೊಸೆ ನನ್ನ ಮುಖಕ್ಕೆ ಮಸಿ ಬಳಿಸಿದ್ಲು ಅಂತ ಸಾಯೋವರೆಗೂ ಇರತ್ತೆ.” ಅವಳು ಉಸಿರು ತಗೊಂಡಳು. “ನಾನು ಅತ್ತೆ ಮೇಲೆ ಕೇಸ್ ಗೆಲ್ಲೋಕೆ ಬಂದಿಲ್ಲ ಅಂಕಲ್, ಸಂಸಾರ ಮಾಡೋಕೆ ಬಂದಿದೀನಿ. ನೀವು ಬಾಗಿಲು ತೆಗೆದುಕೊಡಿ, ನಾನು ಪೂಜೆಗೆ ಕೂರ್ತೀನಿ. ಅಷ್ಟು ಸಾಕು ನಂಗೆ.”

ನನ್ನ ಮಗಳ ವಯಸ್ಸಿನ ಹುಡುಗಿ. “ಸರಿಯಮ್ಮ, ನಾನು ಬಾಯಿ ಬಿಡೋದಿಲ್ಲ” ಎಂದೆ. ಪೇಪರಿನ ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿ ಮತ್ತೆ ಕುಕ್ಕರಗಾಲಿನಲ್ಲಿ ಕೂತೆ.

ಮದ್ದು ಗೊತ್ತಾಗಿತ್ತು. ಅಂಟಾದ ಹರಳೆಣ್ಣೆಗೆ ಸೀಮೆಎಣ್ಣೆ. ಪೆನ್ನಿಗೆ ಇಂಕು ತುಂಬುವ ಫಿಲ್ಲರ್ ಇದೆಯಲ್ಲ, ಅದರಲ್ಲಿ ಸೀಮೆಎಣ್ಣೆ ಎಳೆದು ದೇವರ ಮನೆಯ ಬೀಗದ ತೂತಿಗೆ ಬಿಟ್ಟೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. ಒಳಗಿನ ಕಲ್ಲು ನೆನೆದು ಇಳಿಯುವವರೆಗೆ ಇದೇ ಕೆಲಸ. ಬೀಗಕ್ಕೆ ಆತುರ ಆಗದು, ಜೋರು ಮಾಡಿದರೆ ಬೀಗದ ಕೈ ಮುರಿದು ಒಳಗೇ ಉಳಿಯುತ್ತದೆ. ಅದರ ಮಧ್ಯೆ ಉಳಿದ ಬೀಗಗಳನ್ನು ಬಿಚ್ಚಿ, ತೊಳೆದು, ಒಂದೊಂದಾಗಿ ಕೂರಿಸುತ್ತಾ ಬಂದೆ. ಎಲ್ಲದರ ಹೊಟ್ಟೆಯಲ್ಲೂ ಅದೇ ಕೆಂಪು.

ಇದನ್ನೆಲ್ಲ ಮಾಡುವಾಗ ದೊಡ್ಡಮ್ಮ ಹೋಗುತ್ತಾ ಬರುತ್ತಾ ಸುಮ್ಮನಿರಬೇಕಲ್ಲ. “ಇವಳು ಟಾರ್ಚ್ ಹಿಡಿದ್ರೆ ಬೀಗ ಬತ್ತದೇನಪ್ಪ, ದೂರ ಕಳಿಸು” ಎನ್ನುವಳು. “ನಮ್ಮತ್ತೆ ಕಾಲದಿಂದ ಒಂದು ದಿನ ಹಿಡಿದಿರ್ಲಿಲ್ಲ ಈ ಬೀಗಗಳು. ವರ್ಷಾ ವರ್ಷಾ ಪೂಜೆ ಮಾಡಿ ನೋಡ್ಕೊಂಡಿದೀನಿ” ಎನ್ನುವಳು. ಆ ಕೊನೆಯ ಮಾತಿಗೆ ನನ್ನ ನಾಲಿಗೆ ಹಲ್ಲಿನವರೆಗೆ ಬಂತು. ಸಂಧ್ಯಾ ನನ್ನನ್ನೇ ನೋಡುತ್ತಿದ್ದಳು. ಕೆಮ್ಮಿದವನ ಹಾಗೆ ಮಾಡಿ ಸೀಮೆಎಣ್ಣೆ ಡಬ್ಬಿ ಕಡೆ ತಿರುಗಿದೆ. ಸಂಜೆ ಮನೆಗೆ ಹೋದಾಗ ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ಸದ್ದಿಲ್ಲದೆ ಉಂಡೆ. ಧನಲಕ್ಷ್ಮಿ ನನ್ನ ಹಣೆ ಮುಟ್ಟಿ ನೋಡಿ, “ಜ್ವರ ಏನಿಲ್ವಲ್ಲ” ಎಂದಳು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬೀಗಗಳೂ ಬೆಣ್ಣೆಯ ಹಾಗೆ ತಿರುಗುತ್ತಿದ್ದವು. ದೇವರ ಮನೆಯದು ಕೂದಲೆಳೆಯಷ್ಟು ಅಲುಗಿ ನಿಲ್ಲುತ್ತಿತ್ತು. ಮೂರು ಗಂಟೆ. ನಾಲ್ಕು ಗಂಟೆ. ತೂತಿನಿಂದ ಕೆಂಪು ನೀರು ಇಳಿದು ಬಾಗಿಲ ಮೇಲೆ ಗೆರೆಯಾಯಿತು, ಒರೆಸಿದೆ. ಇನ್ನೊಂದು ಗಂಟೆ ಕೊಟ್ಟರೆ ಬರುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಬೆರಳಿಗೆ ಗೊತ್ತಾಗುವುದನ್ನು ಬೇರೆಯವರಿಗೆ ತೋರಿಸುವುದು ಹೇಗೆ?

ಐದಕ್ಕೆ ಮುನಿರಾಜ್ ಬಾಳೆಕಂದು, ಮಾವಿನ ಸೊಪ್ಪು, ಹೂವಿನ ದೊಡ್ಡ ಪೊಟ್ಟಣ ಹೊತ್ತು ಬಂದ. ದೊಡ್ಡಮ್ಮ ಬಾಗಿಲು ನೋಡಿದಳು, ಹೊರಗೆ ಬಿಸಿಲು ನೋಡಿದಳು.

“ಸಾಕು ಬಿಡು ಪಂಚಾಕ್ಷರಯ್ಯ. ನಿನ್ ತಪ್ಪೇನಿಲ್ಲ. ಅಮ್ನೋರೇ ಬ್ಯಾಡ ಅಂತ ಕೂತವ್ಳೆ. ಮುನಿರಾಜಾ, ಹುಡುಗೀನ ಕರ್ಕೊಂಡೋಗಿ ಬಿಟ್ಟು ಬಾ.”

ಮುನಿರಾಜ್ ಹೂವಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. “ಅಮ್ಮ, ಇನ್ನೊಂದು ಸ್ವಲ್ಪ ಹೊತ್ತು” ಎಂದ. ಅವನ ಮಟ್ಟಿಗೆ ಅದೇ ದೊಡ್ಡ ಧೈರ್ಯ.

ಸಂಧ್ಯಾ ರೂಮಿನಿಂದ ಬ್ಯಾಗು ತಂದು ನಡುಮನೆಯಲ್ಲಿಟ್ಟಳು. ಮೊದಲೇ ತುಂಬಿಟ್ಟಿದ್ದಳು ಅಂತ ಕಾಣುತ್ತದೆ. ಅಳಲಿಲ್ಲ. ನನ್ನ ಕಡೆ ನೋಡಿ ಬೇಡ ಎನ್ನುವ ಹಾಗೆ ತಲೆಯಾಡಿಸಿದಳು. ನಾನು ಹಲ್ಲು ಕಚ್ಚಿ ಕೂತೆ. ಕೊಟ್ಟ ಮಾತು ಮಾತೇ.

ಆಗ ದೊಡ್ಡಮ್ಮ ಅಡುಗೆ ಮನೆಗೆ ಹೋಗಿ ಬಂದಳು. ಒಂದು ಕೈಯಲ್ಲಿ ಹಿತ್ತಾಳೆ ಬಟ್ಟಲು, ಇನ್ನೊಂದರಲ್ಲಿ ಚಮಚ. “ಇವಳು ಹೊಸಿಲು ದಾಟಲಿ, ನಾನೇ ಒಂದು ಸಲ ಪೂಜೆ ಮಾಡಿ ಅಮ್ನೋರ್ನ ಕೇಳ್ಕೊತೀನಿ. ನನ್ ಮಾತು ಯಾವತ್ತೂ ತೆಗೆದಾಕಿಲ್ಲ ಅವಳು” ಎಂದು ಬಾಗಿಲ ಮುಂದೆ ಕೂತು, ಚಮಚವನ್ನು ಬಟ್ಟಲಿಗೆ ಅದ್ದಿ ಎತ್ತಿದಳು. ಬೆಚ್ಚಗಿನ ಹರಳೆಣ್ಣೆ. ಅದರಲ್ಲಿ ಕುಂಕುಮ.

ಒಂದೂವರೆ ದಿನ ಹನಿ ಹನಿಯಾಗಿ ಸೀಮೆಎಣ್ಣೆ ಬಿಟ್ಟು ನೆನೆಸಿದ ಬೀಗ ಅದು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಹೋಗಿ ಅವಳ ಮುಂಗೈ ಹಿಡಿದುಬಿಟ್ಟೆ.

“ಸಾಕು ನಿಲ್ಸಿ ದೊಡ್ಡಮ್ಮ. ಇನ್ನೂ ಎಷ್ಟು ಕುಡಿಸ್ತೀರಿ ಅದಕ್ಕೆ?”

“ಏನಂದೆ?”

“ಈ ಬೀಗಗಳನ್ನ ಕೆಡಿಸಿದ್ದು ಈ ಬಟ್ಲು. ಹುಡುಗಿ ಕೈಯೂ ಅಲ್ಲ, ಕಾಲೂ ಅಲ್ಲ. ನಲವತ್ತು ವರ್ಷ ನೀವು ಸುರಿದ ಹರಳೆಣ್ಣೆ, ನೀವು ಸುರಿದ ಕುಂಕುಮ.” ಸಂಧ್ಯಾ “ಅಂಕಲ್” ಎಂದು ಕೂಗಿದಳು. “ನೀನು ಸುಮ್ನಿರಮ್ಮ” ಎಂದು ನಾನು ಮುಂದುವರಿಸಿದೆ. “ನಿನ್ನೆಯಿಂದ ಇವಳೇ ನನ್ನ ಬಾಯಿ ಮುಚ್ಚಿಸಿದ್ಲು ದೊಡ್ಡಮ್ಮ. ನಿಮಗೆ ಬೀದಿಯಲ್ಲಿ ತಲೆ ತಗ್ಗಬಾರದು ಅಂತ. ನಾಳೆ ಹಬ್ಬ ತಪ್ಪಿದ್ರೂ ಸರಿ, ಬ್ಯಾಗು ಹಿಡ್ಕೊಂಡು ಹೋಗೋಕೂ ತಯಾರಾಗಿ ನಿಂತವ್ಳೆ, ನೀವು ಮಾಡಿದ್ದು ಅಂತ ಮಾತ್ರ ಹೇಳೋಕೆ ತಯಾರಿಲ್ಲ.”

ಚೀಲ ಬೋರಲು ಹಾಕಿ ಪೇಪರಿನ ಪೊಟ್ಟಣ ಹುಡುಕಿ ದೊಡ್ಡಮ್ಮನ ಮುಂದೆ ಬಿಚ್ಚಿದೆ. ಒಂದೊಂದೇ ಪದರ ತೋರಿಸಿದೆ. “ಈ ಕಪ್ಪಗಿರೋದು ನೀವು ಮದುವೆಯಾಗಿ ಬಂದ ಕಾಲದ್ದು. ಆಗ ಇವಳು ಹುಟ್ಟೂ ಇರ್ಲಿಲ್ಲ. ಇದು ಮಧ್ಯದ್ದು. ಮೇಲಿರೋ ಈ ಕೆಂಪು ಹೋದ ದಸರಾದ್ದು. ಆಗಲೂ ಇವಳು ಈ ಮನೆಗೆ ಬಂದಿರ್ಲಿಲ್ಲ. ನೋಡಿ, ಇದೊಂದೇ ಹೇಗೆ ದಪ್ಪ ಇದೆ ಅಂತ. ಬಾಕಿ ವರ್ಷ ಒಂದು ಚಮಚ ಹಾಕಿದ್ರೆ ಹೋದ ವರ್ಷ ನಾಲ್ಕು ಹಾಕಿದೀರಿ. ಬೀಗ ಹಿಡಿದಿದ್ದೇ ಇದರಿಂದ. ಏನು ಮಾಡಿದ್ರಮ್ಮ ಹೋದ ದಸರಾಕ್ಕೆ?”

ದೊಡ್ಡಮ್ಮ ಕೆಂಪು ಪದರವನ್ನು ಕೈಗೆ ತಗೊಂಡು ಹೊರಳಿಸಿ ನೋಡಿದಳು. ಈಗ ಬೈಗುಳ ಶುರುವಾಗುತ್ತದೆ, ಬಸ್‌ಸ್ಟಾಪಿನವರೆಗೆ ಕೇಳುತ್ತದೆ ಎಂದು ನಾನು ಸಾಮಾನು ಎತ್ತಿಕೊಳ್ಳತೊಡಗಿದೆ.

“ಐದು ಚಮಚ” ಎಂದಳು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. “ನಾಲ್ಕಲ್ಲ, ಐದು ಹಾಕ್ದೆ.”

“ಯಾಕಮ್ಮ?” ಎಂದ ಮುನಿರಾಜ್.

“ಇವಳ ಜೊತೆ ನಿನ್ ಮದುವೆ ಗೊತ್ತಾಗಿತ್ತಲ್ಲೋ.” ಅವಳು ಬಟ್ಟಲನ್ನು ಕೆಳಗಿಟ್ಟಳು. “ನಿಂಗೆ ಅಂತ ಹದಿನೇಳು ಹೆಣ್ಣು ನೋಡ್ದೆ. ಯಾವ್ದೂ ಮನ್ಸಿಗೆ ಬರ್ಲಿಲ್ಲ. ಇವಳನ್ನ ನೋಡಿದ್ ದಿನ, ಕಾಫಿ ಕೊಡೋಕೆ ಬಂದೋಳು, ಸಕ್ಕರೆ ಸಾಕಾ ಅಂತ ನನ್ನ ಕೇಳಿದ್ಲು. ಯಾರೂ ಕೇಳಿರ್ಲಿಲ್ಲ ಹಂಗೆ. ಇವಳೇ ಅಂದ್ಕೊಂಡೆ. ಅವರಪ್ಪ ಯೋಚನೆ ಮಾಡಿ ಹೇಳ್ತೀವಿ ಅಂದ್ಬಿಟ್ಟ. ಒಂದು ತಿಂಗಳು ನಂಗೆ ನಿದ್ದೆ ಇಲ್ಲ. ಗೌರಿ ಹಬ್ಬದ್ ದಿನ ಒಪ್ಕೊಂಡ್ರು. ದಸರಾಕ್ಕೆ ಪೂಜೆ ಮಾಡುವಾಗ ಒಂದೊಂದು ಬಾಗಿಲ ಹತ್ರಾನೂ ನಿಂತು ಕೇಳ್ಕೊಂಡೆ. ತಾಯೀ, ಆ ಹುಡುಗಿ ಸುಖವಾಗಿ ಒಳಕ್ಕೆ ಬರ್ಲಿ ಅಂತ. ಒಂದು ಚಮಚ ಸಾಲ್ದು ಅನ್ನಿಸ್ತು. ಹಾಕ್ತಾ ಹೋದೆ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಇಷ್ಟು ಆಸೆಪಟ್ಟು ತಂದುಕೊಂಡ ಹುಡುಗಿಯನ್ನೇ ಇವಳು ಆರು ತಿಂಗಳು ದೂರಿದ್ದಳಲ್ಲ ಎಂದುಕೊಂಡೆ. ಆ ಮುದುಕಿಯ ಮುಖ ನೋಡಲಾಗಲಿಲ್ಲ.

“ಹಂಗಾದ್ರೆ ನನ್ ಕೈಗುಣಾನೇ ಸರಿಯಿಲ್ಲ” ಎಂದಳು ದೊಡ್ಡಮ್ಮ.

“ಕೈಗುಣ ಅಲ್ಲ ಅತ್ತೆ” ಎಂದಳು ಸಂಧ್ಯಾ, ಪಕ್ಕದಲ್ಲಿ ಕೂತು. “ಹರಳೆಣ್ಣೆ ಗುಣ.”

ಮುನಿರಾಜ್ ಫಕ್ಕನೆ ನಕ್ಕ. ತಾಯಿ ತಲೆಯೆತ್ತಿ ನೋಡಿದ ಕೂಡಲೇ ಬಾಯಿ ಮುಚ್ಚಿಕೊಂಡ.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. “ಬೀಗ ಬತ್ತದಾ?”

“ಇಷ್ಟು ಹೊತ್ತಿಗೆ ಬಂದಿರ್ಬೇಕು” ಎಂದೆ. ನಿಜವಾಗಿ ನನಗೆ ಖಾತ್ರಿ ಇರಲಿಲ್ಲ.

“ನೀನೇ ತಿರುಗ್ಸು” ಎಂದು ಅವಳು ಬೀಗದ ಕೈಯನ್ನು ಸೊಸೆಗೆ ಕೊಟ್ಟಳು.

“ನೀವು ತಿರುಗ್ಸಿ ಅತ್ತೆ. ದೇವರ ಮನೆ ನಿಮ್ದು.”

“ನಾನು ಮುಟ್ಟಾಕಿಲ್ಲ. ಹಿಡಿದ್ಬಿಟ್ರೆ?”

“ನಾನ್ ಮುಟ್ಟಿ ಹಿಡಿದ್ಬಿಟ್ರೆ?”

“ಏಯ್, ಹೇಳಿದ್ ಮಾತು ಕೇಳು.”

“ನೀವು ದೊಡ್ಡೋರು, ನೀವೇ ಮೊದ್ಲು.”

ಹೊರಗೆ ಬಿಸಿಲು ಇಳಿಯುತ್ತಿತ್ತು. ಇವರಿಬ್ಬರ ಮರ್ಯಾದೆ ಮುಗಿಯುವ ಹೊತ್ತಿಗೆ ಮುಂದಿನ ವರ್ಷದ ಹಬ್ಬ ಬರುತ್ತದೆ. ನನಗೆ ಮತ್ತೆ ರೇಗಿತು. ಬೀಗದ ಕೈ ಕಿತ್ತುಕೊಂಡು, “ಇಬ್ಬರ ಕೈಗುಣಾನೂ ಬೇಡ, ಪಕ್ಕಕ್ಕೆ ಸರೀರಿ, ರಿಪೇರಿ ಮಾಡ್ದೋನ ಕೈ ಸಾಕು” ಎಂದು ತೂರಿಸಿ, ಮೆಲ್ಲಗೆ ಎಡಕ್ಕೆ ಒಂದು ಸಲ ಅಲುಗಿಸಿ ಬಲಕ್ಕೆ ತಿರುಗಿಸಿದೆ. ಒಳಗೆ ಐದು ಲಿವರ್‌ಗಳೂ ಒಂದೇ ಉಸಿರಿಗೆ ಎದ್ದದ್ದು ಬೆರಳಿಗೆ ತಿಳಿಯಿತು. ಬಾಗಿಲು ತಾನಾಗಿ ಒಳಕ್ಕೆ ಸರಿಯಿತು.

ನಾಲ್ಕೈದು ದಿನದ ಬಾಡಿದ ಹೂವಿನ ವಾಸನೆ ಬಂತು. ದೊಡ್ಡಮ್ಮ ಒಬ್ಬಳೇ ಒಳಗೆ ಹೋದಳು. ದೀಪ ಹಚ್ಚಿದ ಬೆಳಕು ಗೋಡೆಯ ಮೇಲೆ ಬಿತ್ತು. ಬಹಳ ಹೊತ್ತು ಹೊರಗೆ ಬರಲಿಲ್ಲ. ಸಂಧ್ಯಾ ಹೊರಗೇ ನಿಂತಿದ್ದಳು, ಕರೆಯದೆ ಹೋಗಬೇಕೋ ಬೇಡವೋ ಗೊತ್ತಾಗದೆ.

“ಬ್ಯಾಗು ಒಳಗಿಡ್ಲಾ ಅತ್ತೆ?” ಎಂದು ಕೇಳಿದಳು.

“ಬ್ಯಾಗಿಗಿಷ್ಟು ಬೆಂಕಿ ಹಾಕ. ಇಲ್ಲಿ ಬಾ.”

ದೊಡ್ಡಮ್ಮ ಹೊಸಿಲ ಮೇಲೆ ಬಂದು ನಿಂತಳು, ಕುಂಕುಮದ ಭರಣಿ ಹಿಡಿದುಕೊಂಡು. ಸಂಧ್ಯಾ ಹತ್ತಿರ ಹೋದಳು. ಮುದುಕಿ ಉಂಗುರದ ಬೆರಳಿನಲ್ಲಿ ಕುಂಕುಮ ತಗೊಂಡು ಸೊಸೆಯ ಹಣೆಗಿಟ್ಟಳು. ಬೊಟ್ಟು ಸ್ವಲ್ಪ ಓರೆಯಾಯಿತು.

“ನೀನು ಬರ್ಲಿ ಅಂತ ಐದು ಬಾಗಿಲಿಗಿಟ್ಟೆ” ಎಂದಳು. “ಬಂದು ಆರು ತಿಂಗಳಾಯ್ತು, ನಿನ್ ಹಣೆಗೊಂದಿನ ಇಡ್ಲಿಲ್ವಲ್ಲೇ.”

ಎರಡು ದಿನದಿಂದ ಅಳದೆ ತಡೆದುಕೊಂಡಿದ್ದ ಹುಡುಗಿ ಆಗ ಅತ್ತಳು. ಅತ್ತೆಯ ಹೆಗಲಿಗೆ ಮುಖ ಒತ್ತಿ, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಮುನಿರಾಜ್ ಹೂವಿನ ಪೊಟ್ಟಣ ಹಿಡಿದು ನಿಂತಲ್ಲೇ ಕಣ್ಣು ಒರೆಸಿಕೊಂಡ. ನನಗೂ ಅಳು ಬಂತು, ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

“ಸಾಕು ಸುಮ್ಕಿರು” ಎಂದಳು ದೊಡ್ಡಮ್ಮ, ಅವಳ ಬೆನ್ನು ಸವರುತ್ತಾ. “ನಾಳೆ ಪೂಜೆಗೆ ಕೂರೋಳು ಕಣ್ಣು ಊದಿಸ್ಕೊಂಡು ಕೂತ್ರೆ, ಬಂದ ಹೆಂಗಸರೆಲ್ಲ ನನ್ನೇ ಬಯ್ತಾರೆ.”